ಗೊಬ್ಬರ ಹೊತ್ತವರ ಹೆಸರು ಸಂಘದ ಪುಸ್ತಕದಲ್ಲಿ ಯಾಕಿಲ್ಲ?



ಕಾಫಿ ಕೊಯ್ಲು ಮುಗಿದ ಮೇಲೆ ದೋಣಿಗಲ್ ಹತ್ತಿರದ ಒಂದು ತೋಟದಲ್ಲಿ ಸಾವಯವ ಕೃಷಿಕರ ಸಂಘವೊಂದರ ಸಭೆ ನಡೆಯಿತು. ಸಂಘದ ಹೆಸರು ಇಲ್ಲಿ ಬೇಡ, ತೋಟದ ಹೆಸರೂ ಬೇಡ. ಹೆಸರು ಹೇಳಿದರೆ ಅವರೊಬ್ಬರೇ ಹೀಗೆ, ಉಳಿದವರೆಲ್ಲ ಸರಿ ಅಂತ ಆಗಿಬಿಡುತ್ತೆ. ಆ ಸಭೆಗೆ ನಮ್ಮ ಚಿಕ್ಕಪ್ಪನಿಗೆ ಕರೆ ಬಂತು. "ನಿನ್ನಷ್ಟು ಚೆನ್ನಾಗಿ ಗೊಬ್ಬರದ ಗುಡ್ಡೆ ಹಾಕೋರು ಈ ಸುತ್ತಲಲ್ಲಿ ಯಾರಿದಾರಯ್ಯ, ಬಂದು ತೋರಿಸು" ಅಂದರು. ರಜೆಯಲ್ಲಿ ಮನೆಯಲ್ಲಿದ್ದ ನಾವೂ ಜೊತೆಗೆ ಹೋದೆವು.

ಚಿಕ್ಕಪ್ಪ ಪಂಚೆ ಎತ್ತಿ ಕಟ್ಟಿ ತೋರಿಸಿದ. ಕೆಳಗೆ ಒಣ ತರಗು, ಅದರ ಮೇಲೆ ಕಾಫಿ ಹಣ್ಣಿನ ಸಿಪ್ಪೆ, ಮರಗಸಿ ಮಾಡಿದಾಗ ಉದುರಿದ ಹಾಲುವಾಣದ ಸೊಪ್ಪು, ಮೇಲೆ ಸಗಣಿ ಬಗ್ಗಡ, ಬೂದಿ, ತೆಳುವಾಗಿ ಮಣ್ಣು. ಮತ್ತೆ ತರಗಿನಿಂದ ಶುರು. ಮೊದಲೇ ಹಾಕಿಟ್ಟಿದ್ದ ಹಳೇ ಗುಡ್ಡೆಯೊಳಗೆ ಕೈ ತೂರಿಸಿ, "ಇಲ್ಲಿ ಬಿಸಿ ಹತ್ತಬೇಕು. ಬಿಸಿ ಹತ್ತಲಿಲ್ಲ ಅಂದ್ರೆ ನೀರು ಹೆಚ್ಚಾಗಿದೆ ಅಂತ, ಇಲ್ಲಾಂದ್ರೆ ಸಗಣಿ ಸಾಲದು ಅಂತ" ಅಂದ. ಕುರ್ಚಿಯಲ್ಲಿ ಕೂತವರು ಬರೆದುಕೊಂಡರು. ಚಪ್ಪಾಳೆ ತಟ್ಟಿದರು. ಮೊಬೈಲಿನಲ್ಲಿ ಫೋಟೋ ಹಿಡಿದರು. ಟೀ ಎಲ್ಲರಿಗೂ ಒಂದೇ ಥರದ ಪೇಪರ್ ಲೋಟದಲ್ಲಿ ಬಂತು. ಆ ಮಟ್ಟಿಗೆ ಕಾಲ ಬದಲಾಗಿದೆ ಅಂತಲೇ ಹೇಳಬೇಕು.

ಆಮೇಲೆ ಸದಸ್ಯತ್ವದ ಅರ್ಜಿ ಹಂಚಿದರು. ನಾವು ಚಿಕ್ಕಪ್ಪನ ಪರವಾಗಿ ತುಂಬಲು ಕೂತೆವು. ಹೆಸರು ಬರೆದೆವು, ಊರು ಬರೆದೆವು, ಬೆಳೆ ಅಂತ ಇದ್ದ ಕಡೆ ಕಾಫಿ, ಮೆಣಸು, ಬಾಳೆ ಅಂತ ಬರೆದೆವು. ಮುಂದಿನ ಕಲಮು: ಪಹಣಿಯ ಪ್ರಕಾರ ಸರ್ವೆ ನಂಬರು, ವಿಸ್ತೀರ್ಣ. ಅಲ್ಲಿ ಪೆನ್ನು ನಿಂತಿತು. ಚಿಕ್ಕಪ್ಪ ತನ್ನ ಅಪ್ಪನ ಕಾಲದಿಂದ ಉಳುತ್ತಿರುವುದು ಒಂದು ಎಕರೆ ಚಿಲ್ಲರೆ ಸರ್ಕಾರಿ ಭೂಮಿ. ಬಗರ್ ಹುಕುಂ ನಮೂನೆ 57ರ ಅರ್ಜಿ ಹಾಕಿ ರಸೀದಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ದೇವರ ಫೋಟೋ ಹಿಂದೆ ಇಟ್ಟಿದ್ದಾನೆ. ಪಹಣಿ ಇಲ್ಲ. ಕಾರ್ಯದರ್ಶಿ ಒಳ್ಳೆಯವರೇ, ಬೈಯಲಿಲ್ಲ, ನಗುತ್ತಲೇ ಹೇಳಿದರು: "ಪಹಣಿ ಆದ ಮೇಲೆ ಬಾ, ಖಂಡಿತ ಸೇರಿಸಿಕೊಳ್ಳೋಣ." ಚಿಕ್ಕಪ್ಪ "ಆಗಲಿ ಅಯ್ಯ" ಅಂದು ಎದ್ದ.

ಗೊಬ್ಬರದ ಪಾಠ ಹೇಳಲು ಪಹಣಿ ಬೇಕಾಗಿರಲಿಲ್ಲ, ಸದಸ್ಯನಾಗಲು ಬೇಕಾಯಿತು. ಈ ಲೇಖನ ಅಷ್ಟಕ್ಕೇ ಸಂಬಂಧಿಸಿದ್ದು.

ಸಾವಯವ ಅಂದರೆ ನಮಗೇನು?

ಹಾಸ್ಟೆಲಿಗೆ ವಾಪಸು ಬಂದು ಈ ಸಂಗತಿ ಹೇಳಿದಾಗ ಗೆಳೆಯರಲ್ಲಿ ಎರಡು ಮಾತು ಬಂದವು. ಒಬ್ಬ ಹೇಳಿದ: "ಸಾವಯವ ಅನ್ನೋದು ಹೊಟ್ಟೆ ತುಂಬಿದವರ ಶೋಕಿ. ಬೆಂಗಳೂರಿನಲ್ಲಿ ಒಂದಕ್ಕೆ ಎರಡರಷ್ಟು ಕೊಟ್ಟು ಅಕ್ಕಿ ತಿನ್ನೋರ ವಿಷಯ. ನಮಗೆ ಬೇಕಾಗಿರೋದು ನೌಕರಿ." ಇನ್ನೊಬ್ಬ ಹೇಳಿದ: "ಎಲ್ಲಾ ಸಂಘಕ್ಕೂ ಸೇರಬೇಕು, ಸೇರದಿದ್ದರೆ ಸೌಲಭ್ಯ ತಪ್ಪುತ್ತೆ." ಮೊದಲನೆಯವನು ನಮ್ಮವರ ಕೈಯ ವಿದ್ಯೆಯನ್ನು ಬೇರೆಯವರಿಗೆ ಬಿಟ್ಟುಕೊಡುತ್ತಿದ್ದಾನೆ. ಎರಡನೆಯವನು ಕಣ್ಣು ಮುಚ್ಚಿಕೊಂಡು ಹೆಬ್ಬೆಟ್ಟು ಒತ್ತುತ್ತಿದ್ದಾನೆ. ನಾವು ಹೇಳುವುದು ಬೇರೆ. ಸೇರಬೇಕು, ಆದರೆ ಓದಿಕೊಂಡು ಸೇರಬೇಕು. ಒಬ್ಬೊಬ್ಬರಾಗಿ ಅಲ್ಲ, ಗುಂಪಾಗಿ ಸೇರಬೇಕು. ಸೇರಿದ ಮೇಲೆ ಲೆಕ್ಕದ ಪುಸ್ತಕ ಕೇಳಬೇಕು.

ಶೋಕಿ ಅನ್ನುವ ಗೆಳೆಯನಿಗೆ ಒಂದು ಮಾತು. ಕೀಟನಾಶಕಕ್ಕೆ ನಮ್ಮ ಕಡೆ ಏನಂತಾರೆ? "ಔಷಧಿ" ಅಂತಾರೆ. "ಇವತ್ತು ಔಷಧಿ ಹೊಡೆಯೋದಿದೆ" ಅಂತಾರೆ. ಆ ಔಷಧಿಯ ಡಬ್ಬಿಯ ಮೇಲಿನ ಅಕ್ಷರ ಓದುವವನು ತೋಟದ ಬಂಗಲೆಯಲ್ಲಿರುತ್ತಾನೆ, ಬೆನ್ನಿಗೆ ಪಂಪು ಕಟ್ಟಿಕೊಂಡು ಗಿಡದ ಸಾಲಿನಲ್ಲಿ ನಡೆಯುವವನು ಲೈನ್ ಮನೆಯಿಂದ ಬಂದಿರುತ್ತಾನೆ. ಮೂಗಿಗೆ ಟವೆಲ್ ಕಟ್ಟಿಕೊಂಡರೆ ಅದೇ ರಕ್ಷಣೆ. ಸಂಜೆ ತಲೆ ಸುತ್ತುತ್ತೆ, ಕಣ್ಣು ಉರಿಯುತ್ತೆ, "ಬಿಸಿಲು ಹೆಚ್ಚಾಯ್ತು" ಅಂತ ಮಲಗುತ್ತಾನೆ. ಇದನ್ನು ನೋಡದೆ ಬೆಳೆದವರು ನಮ್ಮಲ್ಲಿ ಎಷ್ಟು ಜನ?

ದೋಣಿಗಲ್‌ನಿಂದ ಶಿರಾಡಿ ಘಾಟಿ ಇಳಿದು ಹೋದರೆ ಬೆಳ್ತಂಗಡಿ ತಾಲೂಕಿನ ಕೊಕ್ಕಡ, ಪಟ್ರಮೆ ಸಿಗುತ್ತವೆ. ಅಲ್ಲಿನ ಗೇರು ತೋಟಗಳ ಮೇಲೆ ವರ್ಷಗಟ್ಟಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದರು. ಕಾಸರಗೋಡಿನಲ್ಲೂ ಹಾಗೇ ಆಯಿತು. ಸುಪ್ರೀಂ ಕೋರ್ಟು ಅದನ್ನು ನಿಲ್ಲಿಸಿದ್ದು 2011ರ ಮೇ ತಿಂಗಳಲ್ಲಿ. ಅಷ್ಟರಲ್ಲಿ ಆ ಊರುಗಳಲ್ಲಿ ಕೈಕಾಲು ಸ್ವಾಧೀನವಿಲ್ಲದ ಮಕ್ಕಳು ಹುಟ್ಟಿ ಬೆಳೆದಿದ್ದರು. ಗೇರುಬೀಜ ತಿಂದವರು ಎಲ್ಲೋ ದೂರದಲ್ಲಿದ್ದರು, ವಿಷ ಕುಡಿದವರು ಆ ತೋಟದ ಬದಿಯ ಗುಡಿಸಲು, ಬಾವಿಗಳಲ್ಲಿದ್ದವರು. ಆದ್ದರಿಂದ ವಿಷವಿಲ್ಲದ ಬೇಸಾಯ ತಿನ್ನುವವರ ಆರೋಗ್ಯದ ಮಾತಾಗುವುದಕ್ಕಿಂತ ಮೊದಲು ಹೊಡೆಯುವವರ ಶ್ವಾಸಕೋಶದ ಮಾತು. ಅದು ನಮ್ಮ ಮಾತು.

ಗುಡ್ಡೆ ಹಾಕಿದ್ದು ಯಾರು, ಹೆಸರು ಯಾರಿಗೆ?

ಈ ಸಾವಯವ ಸಂಘಗಳ ಕಥೆ ಎಲ್ಲಿಂದ ಶುರುವಾಯಿತು ಅಂತ ತಿಳಿದಿದ್ದರೆ ಒಳ್ಳೆಯದು. ಆಲ್ಬರ್ಟ್ ಹೊವರ್ಡ್ ಅನ್ನುವ ಇಂಗ್ಲಿಷ್ ವಿಜ್ಞಾನಿ 1924ರಿಂದ 1931ರವರೆಗೆ ಇಂದೋರಿನಲ್ಲಿ ಸಂಶೋಧನಾ ಸಂಸ್ಥೆ ನಡೆಸಿದರು. ಗಿಡದ ಕಸ, ಸಗಣಿ, ಬೂದಿ, ಮಣ್ಣು ಪದರ ಪದರವಾಗಿ ಹಾಕಿ ಗೊಬ್ಬರ ಮಾಡುವ ಕ್ರಮವನ್ನು ಅವರು ಕರಾರುವಾಕ್ಕಾಗಿ ಬರೆದಿಟ್ಟರು. ಅದಕ್ಕೆ "ಇಂದೋರ್ ಪದ್ಧತಿ" ಅಂತ ಹೆಸರಾಯಿತು. ಇಲ್ಲಿನ ರೈತರಿಂದ ಕಲಿತೆ ಅಂತ ಅವರೇ ಒಪ್ಪಿಕೊಂಡಿದ್ದಾರೆ, ಅದು ದೊಡ್ಡ ಗುಣ. ಅವರ ಬರಹ ಓದಿ ಹುರುಪುಗೊಂಡವರು ಇಂಗ್ಲೆಂಡಿನಲ್ಲಿ 1946ರಲ್ಲಿ ಸಾಯಿಲ್ ಅಸೋಸಿಯೇಷನ್ ಕಟ್ಟಿದರು. ಚಂದಾ ಕೊಟ್ಟು ಸದಸ್ಯರಾಗುವ ಸಾವಯವ ಸಂಘಗಳಲ್ಲಿ ಅದು ಹಳೆಯದು. 1950ರ ದಶಕದಲ್ಲಿ ಲಾರೆನ್ಸ್ ಹಿಲ್ಸ್ ಅನ್ನುವವರು ಹಿತ್ತಲು ತೋಟ ಮಾಡುವವರಿಗಾಗಿ ಇನ್ನೊಂದು ಸಂಘ ಕಟ್ಟಿದರು. ಅದರ ಸದಸ್ಯರು ಬರೀ ಚಂದಾ ಕೊಟ್ಟು ಸುಮ್ಮನಾಗುತ್ತಿರಲಿಲ್ಲ, ತಮ್ಮ ತಮ್ಮ ಹಿತ್ತಲಲ್ಲಿ ಪ್ರಯೋಗ ಮಾಡಿ ಫಲಿತಾಂಶ ಬರೆದು ಕಳಿಸುತ್ತಿದ್ದರು. 1972ರಲ್ಲಿ ಫ್ರಾನ್ಸಿನಲ್ಲಿ ಬೇರೆ ಬೇರೆ ದೇಶಗಳ ಕೆಲವು ಸಾವಯವ ಸಂಘಗಳು ಸೇರಿ ಒಂದು ಒಕ್ಕೂಟವನ್ನೂ ಮಾಡಿಕೊಂಡವು.

ಇಂದೋರಿನಲ್ಲಿ ಸಗಣಿ ಹೊತ್ತವರ ಹೆಸರು ನಮಗೆ ಯಾರಿಗೂ ಗೊತ್ತಿಲ್ಲ. ದೋಣಿಗಲ್ಲಿನ ಸಭೆಯ ವರದಿಯಲ್ಲೂ ಚಿಕ್ಕಪ್ಪನ ಹೆಸರು ಬರಲಿಕ್ಕಿಲ್ಲ, "ತೋಟದ ಕೆಲಸಗಾರರೊಬ್ಬರು ಪ್ರಾತ್ಯಕ್ಷಿಕೆ ನೀಡಿದರು" ಅಂತ ಬರಬಹುದು. ನೂರು ವರ್ಷದಲ್ಲಿ ಈ ಒಂದು ವಿಷಯ ಬದಲಾಗಿಲ್ಲ.

ಪಹಣಿ ನಮ್ಮ ಕೈಗೆ ಯಾಕೆ ಬರಲಿಲ್ಲ?

ಕಾರ್ಯದರ್ಶಿಗಳು ಕೇಳಿದ ಆ ಪಹಣಿಯ ಕಥೆಯನ್ನೂ ನೋಡೋಣ. 1974ರ ಭೂಸುಧಾರಣೆ ತಿದ್ದುಪಡಿ ಗೇಣಿದಾರನಿಗೆ ಭೂಮಿ ಕೊಟ್ಟಿತು. ನಮ್ಮ ಅಜ್ಜಂದಿರಲ್ಲಿ ಹೆಚ್ಚಿನವರು ಗೇಣಿದಾರರಲ್ಲ, ಜೀತದಾಳು, ಕೂಲಿಯಾಳು. ಅವರಿಗೆ ಅರ್ಜಿ ಹಾಕಲು ಗೇಣಿ ಚೀಟಿಯೇ ಇರಲಿಲ್ಲ. ಅದರ ಮೇಲೆ ಕಾಫಿ, ಏಲಕ್ಕಿ, ಮೆಣಸು, ಟೀ, ರಬ್ಬರ್ ತೋಟಗಳಿಗೆ ಆ ಕಾಯ್ದೆಯ 104ನೇ ಕಲಮು ವಿನಾಯಿತಿ ಕೊಟ್ಟಿತು. ಬಯಲುಸೀಮೆಯಲ್ಲಿ ಭೂಮಿತಿಯಾದರೂ ಸ್ವಲ್ಪ ಕೆಲಸ ಮಾಡಿತು, ಮಲೆನಾಡಿನ ತೋಟದ ಬೇಲಿಯನ್ನು ಅದು ದಾಟಲಿಲ್ಲ. ಗೇಣಿ ಪದ್ಧತಿ ರದ್ದಾಗಿರುವುದರಿಂದ ಈಗ ಯಾರಾದರೂ ಗದ್ದೆ ಕೋರಿಗೆ ಕೊಟ್ಟರೂ ಬಾಯಿಮಾತಿನಲ್ಲೇ ಕೊಡುತ್ತಾರೆ, ಕಾಗದದಲ್ಲಿ ಉಳುವವನ ಹೆಸರು ಬರುವುದಿಲ್ಲ.

2020ರಲ್ಲಿ 79ಎ, 79ಬಿ ಕಲಮುಗಳನ್ನು ತೆಗೆದುಹಾಕಿದ ಮೇಲೆ ರೈತರಲ್ಲದವರೂ ಕೃಷಿಭೂಮಿ ಕೊಳ್ಳುವ ದಾರಿ ಸಲೀಸಾಯಿತು. ನಗರದಿಂದ ಬಂದು ನಾಲ್ಕು ಎಕರೆ ಕೊಂಡವರು ಪಹಣಿ ತೋರಿಸಿ ಮರುದಿನವೇ ಸಾವಯವ ಕೃಷಿಕರ ಸಂಘದ ಸದಸ್ಯರಾಗಬಹುದು. 2022ರಲ್ಲಿ ಭೂಕಂದಾಯ ಕಾಯ್ದೆಗೆ ಇನ್ನೊಂದು ತಿದ್ದುಪಡಿ ಬಂತು. ಸರ್ಕಾರಿ ಭೂಮಿ ಒತ್ತುವರಿ ಮಾಡಿ ಕಾಫಿ ಹಾಕಿದವರಿಗೆ 25 ಎಕರೆವರೆಗೆ 30 ವರ್ಷ ಗುತ್ತಿಗೆ ಕೊಡಲು ಅದು ಅವಕಾಶ ಮಾಡಿತು. ಒತ್ತುವರಿ ಅದೇ ಸರ್ಕಾರಿ ಗುಡ್ಡದಲ್ಲಿ. ಒಬ್ಬನಿಗೆ 25 ಎಕರೆ ಗುತ್ತಿಗೆ, ಇನ್ನೊಬ್ಬನಿಗೆ ಒಂದು ಎಕರೆಯ ಅರ್ಜಿಗೆ ರಸೀದಿ. ಇದನ್ನು ತಿಳಿದುಕೊಂಡೇ ಸಂಘದ ಅರ್ಜಿಯ ಆ ಕಲಮನ್ನು ಓದಬೇಕು.

ಆದರೆ ಕಾನೂನು ಎಲ್ಲಾ ಕಡೆ ನಮಗೆ ವಿರುದ್ಧವಾಗಿಲ್ಲ. ಪರಿಶಿಷ್ಟರಿಗೆ ಮಂಜೂರಾದ ಭೂಮಿಯ ಪರಭಾರೆ ನಿಷೇಧಿಸುವ 1978ರ ಪಿ.ಟಿ.ಸಿ.ಎಲ್. ಕಾಯ್ದೆ ಇದೆ. ತಡವಾಗಿ ಅರ್ಜಿ ಹಾಕಿದಿರಿ ಅಂತ ವಜಾ ಮಾಡುವುದನ್ನು ತಪ್ಪಿಸಲು 2023ರಲ್ಲಿ ಅದಕ್ಕೆ ತಿದ್ದುಪಡಿಯೂ ಆಯಿತು. ಭೂರಹಿತ ಪರಿಶಿಷ್ಟ ಮಹಿಳೆಯರಿಗಾಗಿ ಅಂಬೇಡ್ಕರ್ ಅಭಿವೃದ್ಧಿ ನಿಗಮದ ಭೂ ಒಡೆತನ ಯೋಜನೆ ಇದೆ. ಕೇರಿಯಲ್ಲಿ ಎಷ್ಟು ಮನೆಯವರಿಗೆ ಇದು ಗೊತ್ತಿದೆ? ಗೊತ್ತು ಮಾಡಿಸುವುದು ಹಾಸ್ಟೆಲಿನಲ್ಲಿ ಅನ್ನ ತಿಂದು ಅಕ್ಷರ ಕಲಿತ ನಮ್ಮ ಕೆಲಸ.

ಸದಸ್ಯತ್ವ ಬೇರೆ, ಸರ್ಟಿಫಿಕೇಟು ಬೇರೆ

ಈಗ ಮುಖ್ಯ ಮಾತಿಗೆ ಬರೋಣ. ಸಾವಯವ ಸರ್ಟಿಫಿಕೇಟಿಗೆ ಜಮೀನಿನ ವಿವರ ಬೇಕೇ ಬೇಕು. ಯಾವ ತುಂಡಿನಲ್ಲಿ ಏನು ಹಾಕಿದರು, ಪಕ್ಕದ ಜಮೀನಿನ ವಿಷ ಹಾರಿ ಬರುತ್ತಾ ಅಂತ ನೋಡದೆ ಸರ್ಟಿಫಿಕೇಟು ಕೊಡಲಾಗದು. ಇದನ್ನು ನಾವೂ ಒಪ್ಪೋಣ. ಆದರೆ ಸಂಘದ ಸದಸ್ಯನಾಗುವುದು ಬೇರೆ ವಿಷಯ. 1960ರ ಸಂಘಗಳ ನೋಂದಣಿ ಕಾಯ್ದೆಯಲ್ಲಿ ಏಳು ಜನ ಸೇರಿದರೆ ಸಂಘವಾಗುತ್ತೆ. ಯಾರು ಸದಸ್ಯರಾಗಬಹುದು ಅಂತ ಬರೆಯುವುದು ಆ ಸಂಘದ ಬೈಲಾ. ಪಹಣಿ ಇದ್ದವನೇ ಸದಸ್ಯ ಅಂತ ಆ ಕಾಯ್ದೆ ಹೇಳುವುದಿಲ್ಲ. ಸಂಘದವರು ತಾವೇ ಆ ಕಲಮು ಹಾಕಿಕೊಂಡಿದ್ದಾರೆ. ಹಾಕಿದವರು ತೆಗೆಯಲೂಬಹುದು. "ಖಾತೆದಾರ" ಅನ್ನುವ ಜಾಗದಲ್ಲಿ "ಸಾಗುವಳಿ ಮಾಡುವವರು, ತೋಟದ ಕೆಲಸಗಾರರು" ಅಂತ ಸೇರಿಸಿದರೆ ಸಾಕು. ಅಷ್ಟು ಮಾಡಲು ಸರ್ವಸದಸ್ಯರ ಸಭೆಯಲ್ಲಿ ಒಂದು ನಿರ್ಣಯ ಬೇಕು, ಆ ನಿರ್ಣಯ ಕೇಳುವ ಬಾಯಿ ಬೇಕು.

ಉತ್ಪಾದಕರ ಕಂಪನಿಗಳ ವಿಷಯವೂ ಹಾಗೇ. ಕಂಪನಿ ಕಾಯ್ದೆಯಲ್ಲಿ 2003ರಿಂದ ಇವಕ್ಕೆ ಜಾಗವಿದೆ. ಹತ್ತು ಜನ ಉತ್ಪಾದಕರು ಸೇರಿದರೆ ಆಗುತ್ತೆ. ಷೇರು ಎಷ್ಟಿದ್ದರೂ ಒಬ್ಬ ಸದಸ್ಯನಿಗೆ ಒಂದೇ ಓಟು, ನೂರು ಎಕರೆಯವನಿಗೂ ಒಂದು, ನಮಗೂ ಒಂದು. ಉತ್ಪಾದಕ ಅಂದರೆ ಬರೀ ಭೂಮಾಲೀಕನಲ್ಲ. ಹಸು ಎಮ್ಮೆ ಸಾಕುವವರು, ಜೇನು ಸಾಕುವವರು, ಕಾಡಿನ ಉತ್ಪನ್ನ ಸಂಗ್ರಹಿಸುವವರು ಎಲ್ಲರೂ ಅದರಲ್ಲಿ ಬರುತ್ತಾರೆ. ಹಿತ್ತಲಲ್ಲಿ ನಾಲ್ಕು ಜೇನುಪೆಟ್ಟಿಗೆ ಇಟ್ಟವನಿಗೆ ಪಹಣಿ ಯಾಕೆ ಬೇಕು? ಕಾಫಿ ಹೂವಿನ ಕಾಲದಲ್ಲಿ ಜೇನುಹುಳ ಯಾರ ಬೇಲಿಯನ್ನೂ ಕೇಳಿ ಹಾರುವುದಿಲ್ಲ.

ಇಲ್ಲೇ ಒಂದು ಎಚ್ಚರಿಕೆ. 2020ರಲ್ಲಿ ಕೇಂದ್ರ ಸರ್ಕಾರ 10,000 ರೈತ ಉತ್ಪಾದಕ ಸಂಸ್ಥೆಗಳನ್ನು ಕಟ್ಟುವ ಯೋಜನೆ ತಂದಿತು. ಬಯಲಿನಲ್ಲಿ ಕನಿಷ್ಠ 300, ಗುಡ್ಡಗಾಡಿನಲ್ಲಿ 100 ಸದಸ್ಯರಿರಬೇಕು ಅಂತ ಆಗ ನಿಗದಿಯಾಯಿತು. ಸದಸ್ಯರು ಹಾಕಿದ ಷೇರು ಹಣಕ್ಕೆ ಸಮನಾಗಿ ತಲೆಗೆ 2,000 ರೂಪಾಯಿವರೆಗೆ ಸರ್ಕಾರವೂ ಹಾಕುತ್ತೆ. ಅಂದರೆ ಸಂಸ್ಥೆ ಕಟ್ಟುವವರಿಗೆ ತಲೆಗಳು ಬೇಕು. ಆಗ ಕೇರಿಗೂ ಬರುತ್ತಾರೆ, ಆಧಾರ್ ಜೆರಾಕ್ಸ್ ಕೇಳುತ್ತಾರೆ, ಹೆಬ್ಬೆಟ್ಟು ಒತ್ತಿಸಿಕೊಳ್ಳುತ್ತಾರೆ, ಆಮೇಲೆ ಕಾಣುವುದಿಲ್ಲ. ಗೆಳೆಯರೆ, ಅವ್ವನ ಹೆಬ್ಬೆಟ್ಟು ಬೀಳುವ ಮೊದಲು ಆ ಕಾಗದವನ್ನು ನೀವು ಓದಿ. ಹಣ ಕೊಟ್ಟರೆ ರಸೀದಿ ಕೇಳಿ, ಷೇರು ಪತ್ರ ಕೇಳಿ. ವಾರ್ಷಿಕ ಸಭೆಯ ನೋಟೀಸು ಮನೆಗೆ ಬಂತಾ ಅಂತ ನೋಡಿ. ನೋಟೀಸು ಬಾರದ ಸದಸ್ಯತ್ವ ಲೆಕ್ಕ ತುಂಬಿಸುವ ಸದಸ್ಯತ್ವ.

ಗೌಡರ ತೋಟಕ್ಕೆ ನಾವು ತಪಾಸಣೆಗೆ

ಸರ್ಟಿಫಿಕೇಟಿನಲ್ಲಿ ಎರಡು ದಾರಿಗಳಿವೆ. ಪರದೇಶಕ್ಕೆ ಕಳಿಸಬೇಕಾದರೆ 2001ರಿಂದ ಜಾರಿಯಲ್ಲಿರುವ ರಾಷ್ಟ್ರೀಯ ಸಾವಯವ ಉತ್ಪಾದನಾ ಕಾರ್ಯಕ್ರಮದ ಪ್ರಕಾರ ಹೊರಗಿನ ಸಂಸ್ಥೆಯವರು ಬಂದು ನೋಡಬೇಕು, ಫೀಸು ಕಟ್ಟಬೇಕು. ನಮ್ಮ ರಾಜ್ಯದಲ್ಲಿ ಬೀಜ ಮತ್ತು ಸಾವಯವ ಪ್ರಮಾಣನ ಸಂಸ್ಥೆ ಈ ಕೆಲಸ ಮಾಡುತ್ತೆ. ಎರಡನೆಯದು ದೇಶದೊಳಗಿನ ಮಾರಾಟಕ್ಕೆ ಸಾಕಾಗುವ ಪಿ.ಜಿ.ಎಸ್. ಇದರಲ್ಲಿ ಅಕ್ಕಪಕ್ಕದ ಕನಿಷ್ಠ ಐದು ಜನ ರೈತರು ಒಂದು ಗುಂಪಾಗಿ, ಒಬ್ಬರ ಜಮೀನನ್ನು ಇನ್ನೊಬ್ಬರು ನಡೆದು ನೋಡಿ, ವಿಷ ಹಾಕಿಲ್ಲ ಅಂತ ಪರಸ್ಪರ ಸಹಿ ಹಾಕುತ್ತಾರೆ. ದೊಡ್ಡ ಫೀಸಿಲ್ಲ.

ಈ ಪರಸ್ಪರ ನೋಡುವುದು ಅನ್ನುವುದನ್ನು ಸ್ವಲ್ಪ ಯೋಚಿಸಿ. ಕೇರಿಯವನು ಊರಿನವನ ತೋಟದೊಳಗೆ ಆಳಾಗಿ ಅಲ್ಲ, ತಪಾಸಣೆಗಾರನಾಗಿ ಹೋಗಬೇಕು. ಅಂಗಳ ದಾಟಿ ಗೋಡೌನಿನ ಬಾಗಿಲು ತೆಗೆಸಿ, "ಈ ಡಬ್ಬಿ ಯಾಕಿದೆ?" ಅಂತ ಕೇಳಬೇಕು. ಅವನ ಸಹಿ ಇಲ್ಲದಿದ್ದರೆ ಊರಿನವನ ಮೆಣಸಿಗೆ ಸರ್ಟಿಫಿಕೇಟಿಲ್ಲ. ಹಾಗೇ ಊರಿನವನು ಕೇರಿಯ ಹಿತ್ತಲಿಗೆ ಬಂದು ನಮ್ಮ ತಿಪ್ಪೆ ನೋಡಬೇಕು, ನಮ್ಮ ಮನೆಯ ನೀರು ಕುಡಿಯಬೇಕು. ಕಾಗದದ ಮೇಲೆ ಇದು ಬೇಸಾಯದ ನಿಯಮ. ನಡೆಸಿದರೆ ಊರು ಕೇರಿಯ ನಡುವೆ ನಡೆದಾಡುವ ನಿಯಮ. ಆದರೆ ನಾವು ಒಬ್ಬರೇ ನಾಲ್ಕು ಜನ ಧಣಿಗಳ ಗುಂಪಿನಲ್ಲಿ ಸೇರಿದರೆ ಈ ನಿಯಮ ನಡೆಯುವುದಿಲ್ಲ. ನಾಳೆ ಅವರದೇ ತೋಟದಲ್ಲಿ ಕೂಲಿಗೆ ಹೋಗಬೇಕಾದವನು ಇವತ್ತು ಡಬ್ಬಿ ಯಾಕಿದೆ ಅಂತ ಹೇಗೆ ಕೇಳುತ್ತಾನೆ? ಸಹಿ ಹಾಕು ಅಂದಲ್ಲಿ ಹಾಕುತ್ತಾನೆ. ಅದಕ್ಕೇ ಹೇಳಿದ್ದು, ಮೊದಲು ನಮ್ಮವರ ಗುಂಪು, ಆಮೇಲೆ ಆ ಗುಂಪಿನ ಬಲದ ಮೇಲೆ ದೊಡ್ಡ ಸಂಘ.

ನಡೆಯುತ್ತಾ ಅಂತ ಅನುಮಾನವೇ? ಬೀದರಿನ ಗಡಿ ದಾಟಿದರೆ ತೆಲಂಗಾಣದ ಜಹೀರಾಬಾದ್ ಸಿಗುತ್ತೆ. ಅಲ್ಲಿ 1983ರಲ್ಲಿ ಶುರುವಾದ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ಮಹಿಳಾ ಸಂಘಗಳಲ್ಲಿ ಹೆಚ್ಚಿನವರು ದಲಿತ ಹೆಂಗಸರು. ಅದನ್ನು ಕಟ್ಟಿದವರಲ್ಲಿ ಮುಖ್ಯರಾದ ಪಿ.ವಿ. ಸತೀಶ್ ಮೈಸೂರಿನವರು, 2023ರಲ್ಲಿ ತೀರಿಕೊಂಡರು. ಆ ಹೆಂಗಸರು ಬೀಳುಬಿದ್ದ ಕಲ್ಲುಭೂಮಿಯಲ್ಲಿ ಜೋಳ, ನವಣೆ, ತೊಗರಿ ಒಟ್ಟಿಗೆ ಬೆಳೆದರು, ಬೀಜವನ್ನು ಮಡಕೆಯಲ್ಲಿ ಕಾಪಿಟ್ಟರು, ಊರಿನಲ್ಲೇ ಜೋಳ ಸಂಗ್ರಹಿಸಿ ಊರಿನ ಬಡವರಿಗೇ ಹಂಚುವ ಪಡಿತರ ಮಾಡಿಕೊಂಡರು. ಪಿ.ಜಿ.ಎಸ್. ಕ್ರಮವನ್ನು ನಮ್ಮ ದೇಶದಲ್ಲಿ ಮೊದಮೊದಲು ನಡೆಸಿದವರಲ್ಲಿ ಅವರೂ ಇದ್ದಾರೆ. 2008ರಲ್ಲಿ ಅವರದೇ ಸಂಘಂ ರೇಡಿಯೋ ಮಾತಾಡಿತು. 2019ರಲ್ಲಿ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮ ಈಕ್ವೇಟರ್ ಪ್ರಶಸ್ತಿ ಕೊಟ್ಟಿತು. ಕಾಲೇಜು ಮೆಟ್ಟಿಲು ಹತ್ತದ ಹೆಂಗಸರು ಇಷ್ಟು ಮಾಡಿದ್ದಾರೆ. ಬಿ.ಎ. ಓದಿದ ನಾವು ಒಂದು ಬೈಲಾ ಓದಲಾರೆವೆ?

ನಮ್ಮ ಅನುಮಾನಗಳನ್ನೂ ಬಚ್ಚಿಡುವುದು ಬೇಡ

ಸಾವಯವದ ವೇದಿಕೆಗಳಲ್ಲಿ ಕೆಲವರು "ಹಿಂದಿನ ಕಾಲ ಎಷ್ಟು ಚೆನ್ನಾಗಿತ್ತು, ಹಳ್ಳಿ ಎಷ್ಟು ಸ್ವಾವಲಂಬಿಯಾಗಿತ್ತು" ಅಂತ ಭಾಷಣ ಮಾಡುತ್ತಾರೆ. ಆ ಕಾಲದಲ್ಲಿ ನಮ್ಮ ಅಜ್ಜ ಜೀತಕ್ಕಿದ್ದ. ಆ ಕಾಲಕ್ಕೆ ಹೋಗಲು ನಮಗೆ ಆಸೆಯಿಲ್ಲ. ಬಾಬಾಸಾಹೇಬರು 1918ರಲ್ಲೇ ಭಾರತದ ಸಣ್ಣ ಹಿಡುವಳಿಗಳ ಸಮಸ್ಯೆ ಕುರಿತು ಲೇಖನ ಬರೆದರು. ಅವರು ಹಿಂದಿನ ಹಳ್ಳಿಯನ್ನು ಹಾಡಿ ಹೊಗಳಲಿಲ್ಲ, ಬಂಡವಾಳ ಎಲ್ಲಿ, ಉಪಕರಣ ಎಲ್ಲಿ, ಭೂಮಿಯನ್ನೇ ನೆಚ್ಚಿದ ಇಷ್ಟು ಜನಕ್ಕೆ ಬೇರೆ ಕೆಲಸ ಎಲ್ಲಿ ಅಂತ ಕೇಳಿದರು. ನಾವೂ ಹಾಗೇ ಕೇಳೋಣ. ವಿಷ ಬೇಡ ಅನ್ನುವುದು ಹಿಂದಕ್ಕೆ ಹೋಗುವುದಲ್ಲ.

ಇನ್ನು ಕೆಲವು ಸಭೆಗಳು ಗೋಪೂಜೆಯಿಂದ ಶುರುವಾಗುತ್ತವೆ. ಸಗಣಿಯ ಬೆಲೆ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ, ಅದನ್ನು ಬಾಚಿದ ಕೈ ನಮ್ಮದು. ಪೂಜೆ ಮಾಡುವವರು ಮಾಡಲಿ, ಆದರೆ ನಮ್ಮ ಮನೆಯ ಮಡಕೆಯಲ್ಲಿ ಏನು ಬೇಯುತ್ತೆ ಅನ್ನುವುದು ಸಂಘದ ಸದಸ್ಯತ್ವದ ಷರತ್ತಾಗಕೂಡದು. ಮಾತಿನಲ್ಲಿ ಬಂದರೂ ಎದ್ದು ನಿಂತು ಹೇಳಬೇಕು.

ಲಾಭದ ಲೆಕ್ಕವನ್ನೂ ನೇರವಾಗಿ ಹೇಳಬೇಕು. ಕಾಫಿ, ಮೆಣಸಿನಂಥ ಬಹುವಾರ್ಷಿಕ ಬೆಳೆ ಸಾವಯವ ಅನ್ನಿಸಿಕೊಳ್ಳಲು ಮೂರು ವರ್ಷ ಕಾಯಬೇಕು. ಮೊದಲ ವರ್ಷಗಳಲ್ಲಿ ಇಳುವರಿ ಇಳಿಯಬಹುದು, ಬೆಲೆ ಮಾತ್ರ ಮಾಮೂಲಿಯದೇ ಸಿಗುತ್ತೆ. 2021ರಲ್ಲಿ ಶ್ರೀಲಂಕಾ ಸರ್ಕಾರ ರಾಸಾಯನಿಕ ಗೊಬ್ಬರದ ಆಮದನ್ನು ಒಂದೇ ಏಟಿಗೆ ನಿಲ್ಲಿಸಿ, ಬೆಳೆ ಬಿದ್ದು, ಆರೇಳು ತಿಂಗಳಲ್ಲಿ ಆಜ್ಞೆ ವಾಪಸು ತೆಗೆದುಕೊಂಡಿತು. ಮೇಲಿನಿಂದ ಅಪ್ಪಣೆ ಕೊಟ್ಟು ಸಾವಯವ ಮಾಡಲಾಗದು. ಒಂದು ಎಕರೆಯವನು ಮೊದಲು ಕಾಲು ಎಕರೆಯಲ್ಲಿ ನೋಡಲಿ. ಪೂರ್ತಿ ಎಕರೆಯನ್ನು ಪಣಕ್ಕಿಡುವಷ್ಟು ಸಾಲದ ತಾಕತ್ತು ನಮ್ಮವರಿಗಿಲ್ಲ.

ಇನ್ನೊಂದು, ವಿಷ ಬಿಟ್ಟ ತೋಟದಲ್ಲಿ ಕೆಲಸ ಹೆಚ್ಚು. ಕಳೆ ಕೈಯಲ್ಲಿ ಕೀಳಬೇಕು, ಗೊಬ್ಬರ ಮಂಕರಿಯಲ್ಲಿ ಹೊರಬೇಕು, ಕಾಂಡಕೊರಕಕ್ಕೆ ಕಾಂಡ ಉಜ್ಜಿ ಸುಣ್ಣ ಬಳಿಯಬೇಕು. ಬಳಿಯುವವರು, ಹೊರುವವರು ಹೆಚ್ಚಾಗಿ ನಮ್ಮ ಅವ್ವಂದಿರು, ಅಕ್ಕಂದಿರು. ಸಾವಯವ ಅಂತ ಕಾಫಿಗೆ ಸಿಗುವ ಹೆಚ್ಚಿನ ಬೆಲೆಯಲ್ಲಿ ಅವರ ಕೂಲಿಗೆ ಎಷ್ಟು ಬಂತು? ತಪಾಸಣೆಗೆ ಬಂದವರು ಮಣ್ಣು ನೋಡಿದ್ದನ್ನು ಕಂಡಿದ್ದೇವೆ, ಲೈನ್ ಮನೆಯ ಸೂರು ಸೋರುತ್ತಾ ಅಂತ ನೋಡಿದ್ದನ್ನು ನಾವು ಕಂಡಿಲ್ಲ. ಈ ಪ್ರಶ್ನೆಯನ್ನು ಸಂಘದ ಸಭೆಯೊಳಗೆ ಕೇಳಬೇಕಾದರೆ ಒಳಗೆ ನಮ್ಮವರಿರಬೇಕು. ಕೆಲಸಗಾರರೂ ಸದಸ್ಯರಾಗಬೇಕು ಅಂತ ನಾವು ಹೇಳುವುದು ಅದಕ್ಕೇ.

ಈ ರಜೆಯಲ್ಲಿ ಏನು ಮಾಡಬಹುದು?

ಭಾಷಣ ಸಾಕು, ಕೆಲಸ ಹೇಳುತ್ತೇವೆ. ಊರಿಗೆ ಹೋದಾಗ ಕೇರಿಯಲ್ಲಿ ಒಂದು ನೋಟ್‌ಬುಕ್ ಇಡಿ. ಯಾರು ಎಷ್ಟು ಗುಂಟೆ ಉಳುತ್ತಿದ್ದಾರೆ, ಎಂದಿನಿಂದ, ನಮೂನೆ 50ರಲ್ಲಿ ಹಾಕಿದ್ದಾ, 53 ಅಥವಾ 57ರಲ್ಲಿ ಹಾಕಿದ್ದಾ, ರಸೀದಿ ಇದೆಯಾ, ಎಲ್ಲಾ ಬರೆಯಿರಿ. ಮಂಜೂರಾಗಿ ಕೈತಪ್ಪಿದ ಭೂಮಿ ಇದ್ದರೆ ಅದರ ಕಾಗದ ಹುಡುಕಿ, ಸಕಲೇಶಪುರದ ಉಪವಿಭಾಗಾಧಿಕಾರಿಗಳ ಕಚೇರಿಗೆ ಅರ್ಜಿ ಬರೆದುಕೊಡಿ. ಜಮೀನಿನ ಕಾಗದ ಇರುವ ಐದು ಮನೆ ಸಿಕ್ಕರೆ ಪಿ.ಜಿ.ಎಸ್. ಗುಂಪಿನ ಮಾತೆತ್ತಿ, ಆ ಐದರಲ್ಲಿ ಹೆಂಗಸರ ಹೆಸರೂ ಇರಲಿ. ಕಾಗದ ಇಲ್ಲದವರಿಗೆ ಜೇನು, ಹಿತ್ತಲ ತರಕಾರಿ, ಕೋಳಿ, ಎರೆಗೊಬ್ಬರದ ದಾರಿ ಇದೆ.

ಗುಂಪಿಗೆ ಬೇಸಾಯದ ದಿನಚರಿ ಬೇಕು. ಯಾವ ದಿನ ಏನು ಹಾಕಿದರು ಅಂತ ಬರೆಯುವ ಪುಸ್ತಕ ಅದು. ಅಪ್ಪ ಹೇಳಲಿ, ನೀವು ಬರೆಯಿರಿ. ಆ ಪುಸ್ತಕ ಬರೆಯುವವನ ಕೈಯಲ್ಲೇ ನಾಳೆ ಸಂಘವೂ ಇರುತ್ತೆ.

ದೋಣಿಗಲ್ಲಿನಲ್ಲೇ ಸಂಬಾರ ಮಂಡಳಿಯ ಏಲಕ್ಕಿ ಸಂಶೋಧನಾ ಕೇಂದ್ರವಿದೆ. ಆ ಬೋರ್ಡನ್ನು ಬಸ್ಸಿನ ಕಿಟಕಿಯಿಂದ ನೋಡಿ ನೋಡಿ ದಾಟಿದ್ದೇವೆ, ಒಳಗೆ ಹೋದವರು ಎಷ್ಟು ಜನ? ಅದು ಸರ್ಕಾರದ್ದು, ನಮ್ಮದೂ ಹೌದು. ಏಲಕ್ಕಿಯ ಕಟ್ಟೆ ರೋಗಕ್ಕೆ ಔಷಧಿಯಿಲ್ಲ, ಗಿಡ ಕಿತ್ತು ನಾಶಮಾಡಬೇಕು ಅಂತ ನಮ್ಮ ಹಿರಿಯರಿಗೆ ಗೊತ್ತು. ಮೆಣಸಿನ ಸೊರಗು ರೋಗಕ್ಕೆ ಟ್ರೈಕೊಡರ್ಮ ಅನ್ನುವ ಒಳ್ಳೇ ಬೂಷ್ಟನ್ನು ಗೊಬ್ಬರಕ್ಕೆ ಬೆರೆಸಿ ಹಾಕಬಹುದು ಅನ್ನುವುದು ಎಲ್ಲರಿಗೂ ಗೊತ್ತಿಲ್ಲ. ಮೈಲುತುತ್ತ, ಸುಣ್ಣದ ಬೋರ್ಡೋ ದ್ರಾವಣಕ್ಕೆ ಸಾವಯವದಲ್ಲೂ ಒಂದು ಮಿತಿಯೊಳಗೆ ಅವಕಾಶವಿದೆ. ಇಂಥದ್ದನ್ನು ಹೋಗಿ ಕೇಳಿ ಬರೆದುಕೊಂಡು ಬಂದು ಕೇರಿಯಲ್ಲಿ ಹೇಳಿ.

ಹಾಸ್ಟೆಲಿನಲ್ಲೂ ಕೆಲಸವಿದೆ. ಮೆಸ್ಸಿನ ತರಕಾರಿ ಸಿಪ್ಪೆ, ಉಳಿದ ಅನ್ನ ದಿನಾ ಹಿಂದಿನ ಗೋಡೆಯಾಚೆ ಬಿದ್ದು ನಾರುತ್ತೆ. ಅಲ್ಲೇ ಒಂದು ಗುಂಡಿ, ಪಕ್ಕದಲ್ಲಿ ನಾಲ್ಕು ಮಡಿ ಸೊಪ್ಪು. ವಾರ್ಡನ್ನರ ಒಪ್ಪಿಗೆ ಪಡೆದು ಏಳು ಜನ ಸೇರಿ ಒಂದು ತೋಟದ ಸಂಘ ಮಾಡಿ. ಅಧ್ಯಕ್ಷ, ಕಾರ್ಯದರ್ಶಿ, ಖಜಾಂಚಿ, ನಡಾವಳಿ ಪುಸ್ತಕ, ತಿಂಗಳ ಲೆಕ್ಕ ಎಲ್ಲಾ ಇರಲಿ. ಸೊಪ್ಪು ಬಂದರೆ ಸಂತೋಷ. ಸಂಘ ನಡೆಸುವುದು ಹೇಗೆ, ನಿರ್ಣಯ ಮಂಡಿಸುವುದು ಹೇಗೆ, ಲೆಕ್ಕ ಕೇಳಿದರೆ ಸಿಟ್ಟಾಗದೆ ಕೊಡುವುದು ಹೇಗೆ ಅಂತ ಕಲಿತರೆ ಅದು ಇನ್ನೂ ದೊಡ್ಡ ಬೆಳೆ.

ಸಭೆಯಿಂದ ವಾಪಸು ಬರುವಾಗ ನಾವು ಹೆದ್ದಾರಿಯ ಬದಿಯಲ್ಲಿ ನಡೆದೆವು. 2021ರ ಮಳೆಗಾಲದಲ್ಲಿ, ಮತ್ತೆ 2022ರಲ್ಲಿ ಇದೇ ದೋಣಿಗಲ್ಲಿನಲ್ಲಿ ರಸ್ತೆ ಕುಸಿದು ಮಂಗಳೂರಿನ ಲಾರಿಗಳೆಲ್ಲ ನಿಂತಿದ್ದವು. ಆ ಜಾಗ ದಾಟುವಾಗ ಚಿಕ್ಕಪ್ಪ ಕೇಳಿದ: "ಅಲ್ಲ ಮಗ, ಆ ಪುಸ್ತಕದಲ್ಲಿ ನನ್ ಹೆಸರು ಬಂದ್ರೆ ಏನ್ ಸಿಗುತ್ತೆ?" ಆಗ ನಮಗೆ ಉತ್ತರ ಹೊಳೆಯಲಿಲ್ಲ. ಈಗ ಹೇಳಬಹುದು. ಹೆಸರು ಬಂದರೆ ಸಭೆಯ ನೋಟೀಸು ನಿನ್ನ ಮನೆಗೆ ಬರುತ್ತೆ ಚಿಕ್ಕಪ್ಪ. ನೋಟೀಸು ಬಂದರೆ ನೀನು ಗೊಬ್ಬರ ತೋರಿಸಲು ಹೋಗುವುದಿಲ್ಲ, ಓಟು ಹಾಕಲು ಹೋಗುತ್ತೀಯ. ಆ ಓಟಿನಿಂದ ಪಹಣಿಯ ಆ ಕಲಮನ್ನು ತೆಗೆಸುವ ನಿರ್ಣಯ ಮಾಡಬಹುದು, ನಿನ್ನ ನಮೂನೆ 57ರ ಅರ್ಜಿಯ ಹಿಂದೆ ಸಂಘವೇ ನಿಲ್ಲಬೇಕು ಅಂತಲೂ ಕೇಳಬಹುದು.

ಮುಂದಿನ ಸಭೆಗೆ ನಾವು ಐದು ಜನ ಹೋಗುತ್ತಿದ್ದೇವೆ. ಮೂರು ಜನ ಪಹಣಿ ಇದ್ದವರು, ಇಬ್ಬರು ಇಲ್ಲದವರು. ಆ ಇಬ್ಬರಲ್ಲಿ ಚಿಕ್ಕಪ್ಪ ಒಬ್ಬ. ಬೈಲಾದ ಪ್ರತಿ ಕೊಡಿ ಅಂತ ಬರವಣಿಗೆಯಲ್ಲಿ ಕೇಳಿದ್ದೇವೆ. ನಿಮ್ಮ ಊರುಗಳಲ್ಲೂ ಕೇಳಿ. ಕೇಳಿದಾಗ ಏನಾಯಿತು ಅಂತ ಈ ಪತ್ರಿಕೆಗೆ ಬರೆಯಿರಿ.